ಕಪ್ಪೆಗೆ ನನ್ನ ಹೆಸರು

ಪ್ರಯೋಗಾಲಯ,
ಸೋಮವಾರ, ಊಟದ ಬಿಡುವು

ಕಪ್ಪೆಗೆ ಹೆಸರಿಟ್ಟ ಯಜಮಾನರಿಗೆ,

ನೀವು ಮೇಜಿನ ಮೇಲೆ ಬಿಟ್ಟುಹೋದ ಪ್ರಬಂಧದ ಕರಡನ್ನು ಇವತ್ತು ಬೆಳಗ್ಗೆ ಓದಿದೆ. ಹೆಬ್ಬೆರಳಿನ ಉಗುರಿನಷ್ಟಿರುವ ನಮ್ಮ ಹೊಸ ಜಾತಿಯ ಕಪ್ಪೆಯ ವೈಜ್ಞಾನಿಕ ಹೆಸರಿಗೆ ನನ್ನ ಹೆಸರನ್ನು ಸೇರಿಸಿ, ಬಾಲಕ್ಕೊಂದು ಲ್ಯಾಟಿನ್ ಅಕ್ಷರ ಅಂಟಿಸಿದ್ದೀರಿ. ಕೆಳಗೆ, ‘ತಾಳ್ಮೆಯಿಂದ ಮನೆ ನೋಡಿಕೊಂಡ ನನ್ನ ಪತ್ನಿಯ ಗೌರವಾರ್ಥ’ ಎಂಬ ವಿವರಣೆ. ಓದಿ ಮೈಯೆಲ್ಲ ಉರಿಯಿತು.

ಯಾವ ಮನೆ? ನಾಲ್ಕು ವರ್ಷ ಸೊಂಟದವರೆಗೆ ತೊರೆಯ ನೀರಿನಲ್ಲಿ ನಿಂತವಳು ನಾನು. ಕಪ್ಪೆಗಳನ್ನು ತಕ್ಕಡಿಯಲ್ಲಿ ತೂಗುವುದು ಜನರಿಗೆ ಬರೀ ಗಾದೆ. ನಾನು ಇನ್ನೂರ ಹನ್ನೆರಡನ್ನು ನಿಜವಾಗಿಯೂ ತೂಗಿದ್ದೇನೆ. ಕೆರೆಯಂಚಿನ ಪುಟ್ಟ ಕಪ್ಪೆಗೂ ಇದಕ್ಕೂ ಕಣ್ಣಿಗೆ ವ್ಯತ್ಯಾಸವಿಲ್ಲ, ಕೂಗು ಮಾತ್ರ ಬೇರೆ ಎಂದು ಮೊದಲು ಹೇಳಿದವಳೂ ನಾನೇ. ಕರಡಿನಲ್ಲಿ ಅದು ‘ಲೇಖಕನು ಮೊದಲು ಗಮನಿಸಿದನು’ ಎಂದಾಗಿದೆ.

ನಿನ್ನೆ ನಿಮ್ಮ ಅಕ್ಕ ಫೋನ್ ಮಾಡಿ, “ಬೇರೆಯವರ ಗಂಡಂದಿರು ಒಂದು ಹೂವೂ ತಂದುಕೊಡಲ್ಲ, ನನ್ನ ತಮ್ಮ ನೋಡು, ಕಪ್ಪೇನೇ ಕೊಟ್ಟಿದಾನೆ. ಪುಣ್ಯ ಮಾಡಿದೀಯ ಕಣೆ” ಎಂದರು. ನಾನೂ ನಕ್ಕೆ. ಒಂದು ಗಳಿಗೆ ಹಿಗ್ಗಿದೆ ಎಂಬುದನ್ನೂ ಒಪ್ಪಿಕೊಳ್ಳುತ್ತೇನೆ. ಆಮೇಲೆ ನಮ್ಮ ಕಸುಬಿನ ಮರ್ಯಾದೆ ನೆನಪಾಯಿತು. ತಾವೇ ಮೊದಲು ವರ್ಣಿಸಿ ಪ್ರಕಟಿಸಿದ ಜೀವಿಗೆ ಯಾರೂ ತಮ್ಮದೇ ಹೆಸರಿಡುವುದಿಲ್ಲ. ಕಪ್ಪೆಗೆ ನನ್ನ ಹೆಸರಿದ್ದರೆ ಲೇಖಕರ ಸಾಲಿನಲ್ಲಿ ನಾನಿರುವಂತಿಲ್ಲ. ಇದು ನಿಮಗೆ ಗೊತ್ತಿರಲಿಲ್ಲ ಎಂದು ಮಾತ್ರ ಹೇಳಬೇಡಿ. ಹತ್ತಿದ ಏಣಿಯನ್ನು ಒದ್ದವರನ್ನು ಕಂಡಿದ್ದೇನೆ. ಏಣಿಗೆ ಹಾರ ಹಾಕಿ ಒದ್ದವರು ನೀವೇ ಮೊದಲು.

ಒಮ್ಮೆ ಪ್ರಕಟವಾದರೆ ಆ ಹೆಸರನ್ನು ಹಿಂದಕ್ಕೆ ಪಡೆಯಲು ಬರುವುದಿಲ್ಲ. ಗುರುವಾರ ಅಚ್ಚಿಗೆ ಹೋಗುವ ಮೊದಲು ಕಪ್ಪೆಯಿಂದ ನನ್ನನ್ನು ಬಿಡಿಸಿ. ತೊರೆಯ ಹೆಸರನ್ನೋ ಹಳದಿ ಹೊಟ್ಟೆಯ ಹೆಸರನ್ನೋ ಅದಕ್ಕೆ ಕೊಡಿ. ನನ್ನ ಹೆಸರನ್ನು ನಿಮ್ಮ ಹೆಸರಿನ ಪಕ್ಕದಲ್ಲಿ ಬರೆಯಿರಿ. ನನಗೆ ಗೌರವ ಬೇಡ, ನಾನು ಮಾಡಿದ ಕೆಲಸ ನನ್ನದೆಂದರೆ ಸಾಕು.

ಇಂತಿ,
ನಿಮ್ಮ ಸಹಲೇಖಕಿ
(ಹೆಂಡತಿಯ ವಿಷಯ ಆಮೇಲೆ ನೋಡೋಣ)

ಮರೆತಿದ್ದೆ: ಮೊದಲ ದಿನ ತೊರೆಯ ಬಳಿ ಮಾಡಿದ ಧ್ವನಿಮುದ್ರಣವನ್ನು ಎಲ್ಲೂ ಕತ್ತರಿಸದೆ ಬೆಳಗ್ಗೆಯೇ ಪತ್ರಿಕೆಯ ಸಂಪಾದಕರಿಗೆ ಕಳಿಸಿದ್ದೇನೆ. ಕಪ್ಪೆ ಕೂಗುತ್ತದೆ. “ಕೇಳಿ, ಇದು ಬೇರೆ” ಎಂದು ನಾನು ಪಿಸುಗುಡುತ್ತೇನೆ. ಆಮೇಲೆ ನಿಮ್ಮ ದನಿ: “ಎಲ್ಲಿ? ನಂಗೇನೂ ಕೇಳಿಸ್ತಾನೇ ಇಲ್ವಲ್ಲೇ. ಸಾಕು, ನಡಿ ಹೋಗೋಣ.”