ಜಾಲರಿಯಿಲ್ಲದ ಪಟ್ಟಾ

ಭಾಲ್ಕಿ, ಜನವರಿ ೧೯೫೭

ಮಾಲೀಕ ಮನ್ಮಥಪ್ಪನವರಿಗೆ ನಿಮ್ಮ ಹತ್ತಿ ಕಾರ್ಖಾನೆಯ ಫಿಟ್ಟರ್ ಮಾಡುವ ನಮಸ್ಕಾರಗಳು.

ಹೊಸ ಯಂತ್ರ ಕೂಡಿಸುವಾಗ ಬಿಚ್ಚಿದ, ಗಾಲಿ ತಿರುಗಿಸುವ ಪಟ್ಟಾದ ಕಾವಲು ಜಾಲರಿಯನ್ನು ಇನ್ನೂ ಹಾಕಿಲ್ಲ. ಜಾಲರಿಯಿಲ್ಲದೆ ಓಡಿಸಬಾರದೆಂಬ ಕಾಯ್ದೆ ಗೋಡೆಯ ಮೇಲೆ ಉರ್ದುವಿನಲ್ಲಿತ್ತು. ಮೈಸೂರು ರಾಜ್ಯಕ್ಕೆ ಸೇರಿದೆವೆಂದು ಆ ಬೋರ್ಡು ತೆಗೆಸಿದಿರಿ. ಕನ್ನಡದ್ದು ಬರಲೇ ಇಲ್ಲ. ಬೋರ್ಡಿನ ಜೊತೆ ಕಾಯ್ದೆಯೂ ಹೋಯಿತೇ?

ನಿನ್ನೆ ಯಂತ್ರಕ್ಕೆ ಹತ್ತಿ ಹಾಕುವ ವಿಮಲಾಬಾಯಿಯ ಸೆರಗನ್ನು ಪಟ್ಟಾ ಎಳೆದುಕೊಂಡಿತು. ಹಳೆಯ ಸೀರೆ, ಹರಿದುಹೋಯಿತು. "ಸೆರಗಷ್ಟೇ ಹೋತು ಬಿಡ್ರಿ, ನಾ ಉಳದೀನಲ್ಲ" ಎಂದು ನಕ್ಕಳು.

ಜಾಲರಿ ಹಾಕುವಷ್ಟು ಹೊತ್ತು ಯಂತ್ರ ನಿಲ್ಲಿಸಲು ಅಪ್ಪಣೆ ಕೊಡಿ. ನಿಮ್ಮನ್ನು ಕೇಳದೆ ನಿಲ್ಲಿಸಬಾರದೆಂಬ ಕಂಪನಿಯ ನಿಯಮವನ್ನು ನಾನಂತೂ ಪಾಲಿಸುತ್ತಿದ್ದೇನೆ.

ಸೀರೆ ಹರಿದ ಸುದ್ದಿ ಕೇಳಿ ದಯೆಯಿಂದ ನೀವು ಕೊಡಿಸಿದ ಹೊಸ ಸೀರೆಯನ್ನೇ ಅವಳು ಇಂದು ಉಟ್ಟು ಬಂದಿದ್ದಾಳೆ. ಮುಟ್ಟಿ ನೋಡಿದೆ, ಬಹಳ ಗಟ್ಟಿ ನೂಲು. ಅದು ಹರಿಯುವುದಿಲ್ಲ.

ನಿಮ್ಮ ಉತ್ತರ ಬರುವವರೆಗೆ ಪಟ್ಟಾದ ಪಕ್ಕದಲ್ಲೇ ನಿಂತಿರುವ,
ಗೋರಖನಾಥ