ಆರರದ್ದೋ ಎಂಟರದ್ದೋ

ಮನೆಯಿಂದ,
ಜೂನ್ ೧೪, ಶನಿವಾರ ಮಧ್ಯಾಹ್ನ

ಪ್ರೀತಿಯ ರೀ,

ಹೇಗಿದ್ದೀರಿ? ಸೊಂಟದ ನೋವು ಹೇಗಿದೆ? ಎಂಜಿನ್ ರೂಮಿನ ಸೆಕೆಯಲ್ಲಿ ನೀರು ಕುಡಿಯುವುದನ್ನು ಮರೆತು, ಆಮೇಲೆ ತಲೆನೋವು ಎಂದು ಮಲಗುವ ಅಭ್ಯಾಸ ಬಿಟ್ಟಿರಾ? ಹಡಗಿನಲ್ಲಿ ಗದರಿಸುವವರು ಯಾರೂ ಇಲ್ಲ ಎಂದು ಮೆರೆಯಬೇಡಿ, ಇಲ್ಲಿಂದಲೇ ಗದರಿಸುತ್ತಿದ್ದೇನೆ. ಮಾವ ಆರಾಮವಾಗಿದ್ದಾರೆ. ಮೊಣಕಾಲು ನೋಯುತ್ತದೆ ಎನ್ನುತ್ತಲೇ ಹೊಲಿಗೆ ಮೆಷಿನ್ ತುಳಿಯುತ್ತಾರೆ. ಅಂಗಡಿ ಮುಚ್ಚಿದ ಮೇಲೂ ಟೈಲರ್ ಟೈಲರೇ ಅಂತೆ. ನಮ್ಮ ಚಿನಕುರಳಿಗೆ ಮುಂದಿನ ಹಲ್ಲು ಬಿದ್ದಿದೆ. ಅಪ್ಪನಿಗೆ ತೋರಿಸಬೇಕೆಂದು ಅದನ್ನು ತಾತನ ಗುಂಡಿ ಡಬ್ಬಿಯಲ್ಲಿ ಜೋಪಾನ ಮಾಡಿದ್ದಾಳೆ. ನಿನ್ನೆ ಮಾವ ಕನ್ನಡಕವಿಲ್ಲದೆ ಡಬ್ಬಿಗೆ ಕೈಹಾಕಿ, ಆ ಹಲ್ಲನ್ನು ಗುಂಡಿಯೆಂದು ಶರ್ಟಿನ ಮೇಲೆ ಇಟ್ಟು ನೋಡಿದರು. ನಾವು ಮೂವರೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ನಕ್ಕು ಮುಗಿದ ಮೇಲೆ ನೀವಿಲ್ಲವಲ್ಲ ಅಂತ ನೆನಪಾಯಿತು.

ಫೋನಿನಲ್ಲಿ ನಿಮ್ಮ ಧ್ವನಿ ಬರುವುದಕ್ಕಿಂತ ಕಟ್ ಆಗುವುದೇ ಹೆಚ್ಚು. ಅದಕ್ಕೇ ಈ ಕಾಗದ. ಕಂಪನಿ ಆಫೀಸಿನವರು ಮುಂದಿನ ಬಂದರಿಗೆ ಕಳಿಸುವ ಚೀಲದಲ್ಲಿ ಇದನ್ನೂ ಹಾಕುತ್ತೇವೆ ಎಂದಿದ್ದಾರೆ. ಬರೆಯಲು ಪುರುಸೊತ್ತು ಸಿಕ್ಕಿದ್ದು ನಮ್ಮ ಮುದಿ ಕಂಪ್ಯೂಟರಿನ ದಯೆಯಿಂದ. ಸ್ಟುಡಿಯೋದವರು ಕೊಟ್ಟ ಮದುವೆಯೊಂದನ್ನು ಎಡಿಟ್ ಮಾಡಿ, ಪೂರ್ತಿ ವಿಡಿಯೊ ಆಗಲೆಂದು ಬೆಳಿಗ್ಗೆಯೇ ಬಿಟ್ಟಿದ್ದೇನೆ. ಅದು ಒಳಗೆ ಗೊರಗೊರ ಅನ್ನುತ್ತಾ ಕೂತಿದೆ. ಮುಗಿಯುವವರೆಗೆ ಅದರಲ್ಲಿ ಬೇರೆ ಕೆಲಸ ಮಾಡುವ ಹಾಗಿಲ್ಲ, ಮೌಸ್ ಮುಟ್ಟಿದರೂ ಮುನಿಸಿಕೊಳ್ಳುತ್ತದೆ. ಹೋದ ವಾರವಂತೂ ಮದುಮಗಳು ನಗುವ ಹೊತ್ತಿಗೆ ಸರಿಯಾಗಿ ಕೈಕೊಟ್ಟು, ಮತ್ತೆ ಮೊದಲಿನಿಂದ ಶುರುಮಾಡಿಸಿತು. ಸ್ಟುಡಿಯೋ ಅಣ್ಣ ಒಳ್ಳೆಯವರು, ಇನ್ನೆರಡು ದಿನ ಕೊಟ್ಟರು. ಆದರೆ ಮುಖ ಗಂಟಾಗಿತ್ತು.

ಹೀಗಾಗಿ ಹೊಸ ಕಂಪ್ಯೂಟರ್ ಜೋಡಿಸಲೇಬೇಕು. ಬರೀ ಈ ಸ್ಟುಡಿಯೋದ ಕೆಲಸಕ್ಕಾದರೆ ಇಷ್ಟು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಮುಂದಿನ ಬೀದಿಯ ಸ್ಟುಡಿಯೋ ಅಕ್ಕ ಇದ್ದಾರಲ್ಲ, ಯಾವಾಗಲೂ ಗಡಿಬಿಡಿಯಲ್ಲಿರುವವರು, ಅವರು ಬಂದಿದ್ದರು. ‘ಹೇಳಿದ ದಿನಕ್ಕೆ ಕೊಡೋ ಹಾಗಿದ್ರೆ ನಮ್ಮ ಕೆಲಸ ಎಲ್ಲಾ ನಿಂಗೇ ಕಣೇ, ಆಗಲ್ಲ ಅಂದ್ರೆ ಈಗ್ಲೇ ಹೇಳ್ಬಿಡು’ ಎಂದು ಹೇಳಿ ಹೋಗಿದ್ದಾರೆ. ಆ ಕೆಲಸವೂ ಕೈಗೆ ಬಂದರೆ, ನಿಮಗೆ ಇಲ್ಲಿ ಕೆಲಸ ಸಿಗುವವರೆಗೆ ಮನೆ ಹೇಗೋ ನಡೆಯುತ್ತದೆ. ಅತ್ತ ನೀವು ಮುಂದಿನ ಬಂದರಿನಲ್ಲಿ ಇನ್ನೊಂದು ವರ್ಷದ ಒಪ್ಪಂದಕ್ಕೆ ಸಹಿ ಹಾಕುತ್ತೀರೋ ಇಲ್ಲವೋ ಎಂದು ಕಂಪನಿಗೆ ಹೇಳಬೇಕು. ಹೋದ ಸಲ ಫೋನಿನಲ್ಲಿ ‘ನೀನೇನಂತೀಯ?’ ಎಂದು ಕೇಳಿದಿರಿ, ಅಷ್ಟರಲ್ಲಿ ಲೈನ್ ಹೋಯಿತು. ಹೋದದ್ದೇ ಒಳ್ಳೆಯದಾಯಿತು ಬಿಡಿ. ಬನ್ನಿ ಎನ್ನುವ ಮಾತು ನಾಲಿಗೆ ತುದಿಗೆ ಬಂದಿತ್ತು, ಬಂದರೆ ಊಟಕ್ಕೇನು ಎಂಬ ಯೋಚನೆ ಅದನ್ನು ತಡೆದಿತ್ತು.

ಈಗ ನೋಡಿ, ಎಲ್ಲ ಬಂದು ನಿಂತಿರುವುದು ಕಂಪ್ಯೂಟರಿನ ಮಿದುಳಾದ ಪ್ರೊಸೆಸರ್ ಮೇಲೆ. ಕಂಪ್ಯೂಟರ್ ಅಂಗಡಿಯ ಸೋಡಾಬುಡ್ಡಿ ಕನ್ನಡಕದವರು ಎರಡು ತೋರಿಸಿದರು. ಎರಡೂ ನಡುಮಟ್ಟದವು, ತೀರಾ ಅಗ್ಗವೂ ಅಲ್ಲ, ಆಕಾಶದಲ್ಲಿರುವ ಬೆಲೆಯವೂ ಅಲ್ಲ. ಒಂದರೊಳಗೆ ಆರು ಕೋರ್, ಇನ್ನೊಂದರೊಳಗೆ ಎಂಟು. ಆರರದ್ದು ಒಂದೊಂದು ಕೋರಿನ ಲೆಕ್ಕದಲ್ಲಿ ತುಸು ಚುರುಕು, ಕರೆಂಟು ಕಡಿಮೆ ತಿನ್ನುತ್ತದೆ, ಬೇಗ ಬಿಸಿಯಾಗುವುದಿಲ್ಲ. ಎಂಟರದ್ದು ಬೆಲೆಯಲ್ಲಿ ಅದರ ಒಂದೂವರೆ ಪಟ್ಟು, ಮೇಲೆ ದೊಡ್ಡ ಫ್ಯಾನು ಬೇರೆ ಬೇಕು. ನೀವು ಹಿಂದಿನ ಕಾಗದದಲ್ಲಿ ‘ಕೋರ್ ಅಂದರೆ ಸಿಲಿಂಡರ್ ಇದ್ದ ಹಾಗೆ, ಹೆಚ್ಚಿದ್ದಷ್ಟೂ ಒಳ್ಳೆಯದು’ ಎಂದು ದೊಡ್ಡ ಎಂಜಿನಿಯರ್ ಥರ ಬರೆದಿದ್ದಿರಲ್ಲ, ಅದನ್ನು ಮಾವನಿಗೆ ಓದಿ ಹೇಳಿದೆ. ಅವರು ದಾರ ಕಚ್ಚಿ ತುಂಡು ಮಾಡುತ್ತಾ, ‘ಎಂಟು ಜನ ಟೈಲರ್‌ಗಳನ್ನ ಕೂರಿಸಿ ಒಂದು ಗುಂಡಿ ಹೊಲಿಯೋಕೆ ಕೊಟ್ರೆ ಏಳು ಜನ ಹರಟೆ ಹೊಡೀತಾರಮ್ಮ, ಕೆಲಸ ಎಷ್ಟಿದೆ ಅಂತ ಮೊದಲು ನೋಡು’ ಎಂದರು. ಅಂಗಡಿಯವರಿಗೆ ಇದನ್ನು ಹೇಳಿದಾಗ ಅವರು ಮೇಜು ಕುಟ್ಟಿ ನಕ್ಕು, ನೂರಕ್ಕೆ ನೂರು ನಿಜ ಎಂದರು. ಬಾಯಿ ಮಾತು ಬೇಡ, ಎರಡನ್ನೂ ಜೋಡಿಸಿಟ್ಟಿರುತ್ತೇನೆ, ನಿಮ್ಮದೇ ಒಂದು ಮದುವೆ ತನ್ನಿ, ಎರಡರಲ್ಲೂ ಓಡಿಸಿ ನೋಡೋಣ ಎಂದೂ ಹೇಳಿದರು.

ಇಲ್ಲಿ ಆದ ಎಡವಟ್ಟನ್ನು ಹೇಳಬೇಕು, ನಗಬೇಡಿ. ಹಾರ್ಡ್ ಡಿಸ್ಕುಗಳಿಗೆಲ್ಲ ಮಾವ ಉಳಿದ ಬಟ್ಟೆಯಲ್ಲಿ ಪುಟ್ಟ ಚೀಲ ಹೊಲಿದುಕೊಡುತ್ತಾರೆ ಎಂದು ನಿಮಗೆ ಗೊತ್ತು. ಒಂದೊಂದು ಕೆಲಸಕ್ಕೆ ಒಂದೊಂದು ಬಣ್ಣ; ನಾನು ಹೆಸರು ಬರೆಯುವ ಗೋಜಿಗೇ ಹೋಗುವುದಿಲ್ಲ, ಬಣ್ಣ ನೋಡಿ ಎತ್ತಿಕೊಳ್ಳುತ್ತೇನೆ. ಈ ಸಲ ಸ್ಕೂಲ್ ಯೂನಿಫಾರ್ಮಿನ ನೀಲಿ ಬಟ್ಟೆ ಹೆಚ್ಚು ಉಳಿಯಿತೆಂದು, ನನಗೆ ಹೇಳದೆ ನಮ್ಮ ಮನೆಯ ವಿಡಿಯೊಗಳ ಡಿಸ್ಕಿಗೂ ನೀಲಿ ಚೀಲವನ್ನೇ ಹೊಲಿದುಬಿಟ್ಟಿದ್ದಾರೆ. ನೀಲಿ ಎಂದರೆ ಮದುವೆಯ ಡಿಸ್ಕು ಎಂದುಕೊಂಡು ನಾನು ಅದನ್ನೇ ಹಿಡಿದು ಹೋದೆ. ಅಂಗಡಿಯವರು ಎರಡೂ ಕಂಪ್ಯೂಟರಿಗೆ ಹಾಕಿ, ಕಣ್ಣಿಗೆ ಬಿದ್ದ ಮೊದಲ ವಿಡಿಯೊವನ್ನು ತೆರೆದರು. ಎರಡು ಪರದೆಯಲ್ಲೂ ನೀವು. ನಮ್ಮ ಬೀದಿಯಲ್ಲಿ ಚಿನಕುರಳಿಗೆ ಸೈಕಲ್ ಕಲಿಸುತ್ತಿದ್ದೀರಿ. ಸೀಟು ಹಿಡಿದು ಹಿಂದೆ ಓಡುತ್ತಾ, ಕೈಬಿಟ್ಟ ಮೇಲೂ ‘ಹಿಡ್ಕೊಂಡಿದೀನಿ, ಹಿಡ್ಕೊಂಡಿದೀನಿ, ನೀನು ತುಳಿ’ ಎಂದು ಕೂಗುತ್ತಿದ್ದೀರಿ. ಆ ಹಳೇ ಹಸಿರು ಬನಿಯನ್, ಅದರ ಭುಜದ ತೂತು, ಎಲ್ಲ.

ತಪ್ಪಾಗಿದೆ, ನಿಲ್ಲಿಸಿ ಎನ್ನಬೇಕಿತ್ತು, ಎನ್ನಲಿಲ್ಲ. ಅಂಗಡಿಯವರು ಅದಕ್ಕೇ ಬಣ್ಣ ತಿದ್ದಿ, ನಿಧಾನಗತಿ ಸೇರಿಸಿ ಭಾರ ಮಾಡಿ, ಎರಡನ್ನೂ ಒಟ್ಟಿಗೇ ಓಡಿಸಿದರು. ಆರರದ್ದರಲ್ಲಿ ನೀವು ಆಗಾಗ ತಡವರಿಸಿ ನಿಲ್ಲುತ್ತಿದ್ದಿರಿ, ಎಂಟರದ್ದರಲ್ಲಿ ಸಲೀಸಾಗಿ ಓಡುತ್ತಿದ್ದಿರಿ. ಆಮೇಲೆ ಪೂರ್ತಿ ವಿಡಿಯೊ ಮಾಡಲು ಬಿಟ್ಟು, ಯಾವುದು ಮೊದಲು ಮುಗಿಯುತ್ತದೋ ನೋಡಿಕೊಳ್ಳಿ ಎಂದು ಬೇರೆ ಗಿರಾಕಿಯ ಕಡೆ ಹೋದರು. ವಾಪಸ್ ಬಂದು ಯಾವುದು ಮೊದಲು ಮುಗಿಯಿತು ಎಂದು ಕೇಳಿದರು. ಎಷ್ಟು ಮುಗಿಯಿತೆಂದು ತೋರಿಸುತ್ತಾ ಮೂಲೆಯಲ್ಲಿ ಓಡುತ್ತಿದ್ದ ಗೆರೆಯ ಕಡೆಗೆ ನನ್ನ ಕಣ್ಣು ಹೋಗಿರಲೇ ಇಲ್ಲ. ಪೆಚ್ಚುಮೋರೆ ಹಾಕಿಕೊಂಡು ‘ನೋಡ್ಲಿಲ್ಲ, ಇನ್ನೊಂದ್ಸಲ ಹಾಕ್ತೀರಾ’ ಎಂದೆ. ಅವರು ಪರದೆ ನೋಡಿ, ನನ್ನನ್ನು ನೋಡಿ, ‘ಯಜಮಾನ್ರಾ?’ ಎಂದು ಕೇಳಿ, ಮತ್ತೊಮ್ಮೆ ಹಾಕಿ ತಾವೇ ಪಕ್ಕದಲ್ಲಿ ನಿಂತರು. ಎಂಟರದ್ದು ಮುಗಿಸಿದಾಗ ಆರರದ್ದಕ್ಕೆ ಇನ್ನೂ ಕಾಲು ಭಾಗ ಬಾಕಿ ಇತ್ತಂತೆ. ಆದರೂ ಅವರು ಹೇಳಿದ್ದು ಆರರದ್ದನ್ನೇ. ‘ಕೊಟ್ಟ ಕಾಸಿಗೆ ಇದೇ ಮೇಡಂ, ಆ ಕಾಲು ಭಾಗಕ್ಕೋಸ್ಕರ ಅಷ್ಟು ಹೆಚ್ಚು ಯಾಕೆ ಸುರೀತೀರಾ’ ಎಂದರು. ಅಂಗಡಿಯವರೇ ಅಗ್ಗದ್ದನ್ನು ತೆಗೆದುಕೊಳ್ಳಿ ಎಂದಾಗ ನಂಬದೆ ಇರುವುದು ಹೇಗೆ? ಒಂದೇ ಸ್ಟುಡಿಯೋದ ಕೆಲಸವಾದರೆ ಆರರದ್ದು ಧಾರಾಳ ಸಾಕು. ಸೀಸನ್ನಿನಲ್ಲಿ ಎರಡೂ ಸ್ಟುಡಿಯೋದ ಮದುವೆಗಳು ಒಟ್ಟಿಗೆ ಬಂದು ಬಿದ್ದರೆ ಮಾತ್ರ ಅದು ಏದುಸಿರು ಬಿಡುತ್ತದೆ.

ಮನೆಗೆ ಬಂದು ಮಾವನಿಗೆ ಚೀಲದ ವಿಷಯ ಹೇಳಿದೆ. ಬೈಯಬೇಕೆಂದೇ ಹೊರಟಿದ್ದೆ. ‘ಹೇಗಿದ್ದ?’ ಎಂದು ಕೇಳಿದರು, ನೀವು ಈಗ ತಾನೇ ಅಂಗಡಿಯಲ್ಲಿ ಸಿಕ್ಕಿದ್ದಿರೇನೋ ಎಂಬಂತೆ. ನನಗೆ ಬೈಯಲು ಆಗಲಿಲ್ಲ, ಅಡುಗೆಮನೆಗೆ ಹೋಗಿ ಅತ್ತುಬಿಟ್ಟೆ. ನಿಮ್ಮನ್ನು ನೋಡಬೇಕು ರೀ. ಪರದೆಯ ಮೇಲೆ ಅಲ್ಲ. ಬಾಗಿಲ ಹತ್ತಿರ ನಿಮ್ಮ ಚಪ್ಪಲಿ ಅಡ್ಡಾದಿಡ್ಡಿ ಬಿದ್ದಿರಬೇಕು, ನಾನು ಎಡವಿ ನಿಮ್ಮನ್ನು ಬೈಯಬೇಕು.

ಇರಲಿ. ಯಾವುದನ್ನು ತೆಗೆದುಕೊಳ್ಳಲಿ ಎಂದು ನೀವೂ ಯೋಚಿಸಿ ತಿಳಿಸಿ. ಮಾವ ಆಶೀರ್ವಾದ ತಿಳಿಸಿದ್ದಾರೆ, ಬೆಲ್ಟು ಎಷ್ಟನೆಯ ತೂತಿಗೆ ಬಂದಿದೆ ಎಂದು ಕೇಳಿದ್ದಾರೆ, ಪ್ಯಾಂಟು ಹೊಲಿಯಲಿಕ್ಕೆ. ಚಿನಕುರಳಿಯ ಮುತ್ತು ಎರಡೂ ಕೆನ್ನೆಗೆ. ಹೊತ್ತಿಗೆ ಸರಿಯಾಗಿ ಊಟ ಮಾಡಿ.

ಸದಾ ನಿಮ್ಮನ್ನೇ ಎದುರು ನೋಡುವ,
ನಿಮ್ಮವಳು

ತಾ.ಕ.: ಕಂಪನಿಯ ಆಫೀಸ್ ಮುಚ್ಚುವುದರೊಳಗೆ ಇದನ್ನು ಕೊಡಬೇಕು, ಚಿನಕುರಳಿ ಚಪ್ಪಲಿ ಹಾಕಿಕೊಂಡು ನಿಂತಿದ್ದಾಳೆ, ಅಕ್ಷರ ಸೊಟ್ಟಗಾದರೆ ಬೇಜಾರು ಮಾಡಬೇಡಿ. ಅಂಟಿಸುವ ಮುಂಚೆ ಎಲ್ಲ ಒಮ್ಮೆ ಓದಿಕೊಂಡೆ. ಯೋಚಿಸಿ ತಿಳಿಸಿ ಎಂದು ಬರೆದದ್ದನ್ನು ಲೆಕ್ಕಕ್ಕೆ ಇಟ್ಟುಕೊಳ್ಳಬೇಡಿ. ಈಗಷ್ಟೇ ಅಂಗಡಿಗೆ ಫೋನ್ ಮಾಡಿ ಎಂಟರದ್ದು ಎಂದು ಹೇಳಿದೆ, ಸ್ಟುಡಿಯೋ ಅಕ್ಕನಿಗೂ ಹೂಂ ಎಂದೆ. ನೀವು ಸಹಿ ಹಾಕಬೇಡಿ. ಕಂಪನಿಯವರು ಕಾರಣ ಕೇಳಿದರೆ, ಹೆಂಡತಿ ಕರೆಯುತ್ತಿದ್ದಾಳೆ ಎಂದು ಹೇಳಿ.