ಬೋರಲು ತಟ್ಟೆಯ ಮೇಲಿನ ಮಿಠಾಯಿ

ಮಗಳೇ,

ನೀನು ಮನೆ ಬಿಟ್ಟ ದಿನವೇ ನಿನಗೆ ಬರೆಯುವುದಿಲ್ಲ ಎಂದಿದ್ದೆ. ಇದನ್ನೂ ಕಳಿಸುವುದಿಲ್ಲ.

ಇವತ್ತು ನಿನ್ನ ಅಣ್ಣನ ಮಗಳು ಓದುವುದು ಬಿಟ್ಟು ಅಡುಗೆಮನೆಗೆ ನುಗ್ಗಿದಳು. ಕಾಲೇಜಿನ ಗೆಳತಿಯರಿಗೆ ಕಡಲೆಬೀಜದ ಮಿಠಾಯಿ ಬೇಕಂತೆ. ಪಾತ್ರೆ ಸೀಯಿಸುತ್ತಾಳೆಂದು ಬಾಗಿಲಲ್ಲೇ ನಿಂತೆ. ಅವಳು ಸಕ್ಕರೆ ಪಾಕದ ಹನಿಯನ್ನು ತಣ್ಣೀರಿಗೆ ಬಿಟ್ಟು ಹದ ನೋಡಿದಳು. ಆಮೇಲೆ ತಟ್ಟೆಯನ್ನು ಬೋರಲು ಹಾಕಿ, ಅದರ ಬೆನ್ನಿಗೆ ಎಣ್ಣೆ ಸವರಿ, ಮಿಠಾಯಿ ಸುರಿದಳು. ಹಾಗೆ ಸುರಿದರೆ ಮುರಿಯದೆ ಏಳುತ್ತದೆ. ಅದು ನನ್ನ ರೀತಿ. ಯಾರಿಗೂ ಹೇಳಿಕೊಟ್ಟಿಲ್ಲ. ನಿನ್ನನ್ನಂತೂ, ಪುಸ್ತಕ ಹಿಡಿ ಎಂದು, ಒಲೆಯ ಹತ್ತಿರಕ್ಕೇ ಬಿಟ್ಟಿರಲಿಲ್ಲ.

"ಯಾರೇ ಕಲಿಸಿದ್ದು?"

"ಅತ್ತೆ, ಫೋನಲ್ಲಿ. ಬೈಬೇಡ ಅಜ್ಜಿ, ಪಾತ್ರೆ ನಾನೇ ತೊಳೀತೀನಿ."

ಬೈಯಬೇಕೋ ಬೇಡವೋ ನನಗೆ ತಿಳಿಯಲಿಲ್ಲ. ನೀವಿಬ್ಬರೂ ಯಾವಾಗಿನಿಂದ ಮಾತಾಡುತ್ತಿದ್ದೀರಿ? ನೀನು ಎಲ್ಲಿ ನಿಂತು ನೋಡಿ ಕಲಿತೆ? ನಿನ್ನ ಮನೆಯಲ್ಲೂ ತಟ್ಟೆ ಬೋರಲು ಹಾಕುತ್ತೀಯಾ?

"ಅತ್ತೆಗೆ ಏನಾದ್ರೂ ಹೇಳ್ಲಾ?" ಎಂದಳು.

"ಬೀಜದ ಸಿಪ್ಪೆ ಇನ್ನೂ ಚೆನ್ನಾಗಿ ತೆಗೀಬೇಕು ಅಂತ ಹೇಳು."

ಅವಳು ಫೋನ್ ಕೈಗೆತ್ತಿಕೊಂಡಳು. ನಿನ್ನ ದನಿ ಕೇಳಬಹುದೆಂದು ನಾನು ಒಲೆ ಒರೆಸುತ್ತ ಅಲ್ಲೇ ಉಳಿದೆ. ಅವಳು ಮಾತಾಡಲಿಲ್ಲ. ಮೆಸೇಜ್ ಕಳಿಸಿ ಫೋನ್ ಕೆಳಗಿಟ್ಟಳು.